ಡಾಕ್ಸಿಜೆನ್ ಜೊತೆ 7 ವರ್ಷ: ಪುಟಗಳಿಗಿಂತ ಅದರ ಬೈಗುಳವೇ ಜಾಸ್ತಿ ಉಪಯೋಗಕ್ಕೆ ಬಂತು

ನಾನು ಕೆಲಸ ಮಾಡುವುದು ಸಿ ಮತ್ತು ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದ ಒಂದು ಲೈಬ್ರರಿಯ ಮೇಲೆ. ಬೇರೆ ತಂಡಗಳು ಅದನ್ನು ತಮ್ಮ ಪ್ರೋಗ್ರಾಂಗೆ ಸೇರಿಸಿಕೊಂಡು ಬಳಸುತ್ತವೆ. ಮೊದಲೆಲ್ಲ ಅದರ ಎಪಿಐ, ಅಂದರೆ ಹೊರಗಿನವರು ಕರೆಯಬಹುದಾದ ಫಂಕ್ಷನ್‌ಗಳ ವಿವರ ಒಂದು ಪ್ರತ್ಯೇಕ ಫೈಲ್‌ನಲ್ಲಿತ್ತು. ಕೋಡ್ ಒಂದು ದಾರಿ, ಫೈಲ್ ಇನ್ನೊಂದು ದಾರಿ. ಯಾರಾದರೂ ಬಂದು "ಮೂರು ಪ್ಯಾರಾಮೀಟರ್ ಅಂತ ಬರೆದಿದ್ದೀರಿ, ಹೆಡರ್‌ನಲ್ಲಿ ನಾಲ್ಕಿದೆಯಲ್ಲ" ಅಂದಾಗಲೇ ನಮಗೆ ಆ ಫೈಲ್‌ನ ನೆನಪಾಗುತ್ತಿತ್ತು. (ಹೆಡರ್ ಅಂದರೆ ಫಂಕ್ಷನ್‌ಗಳನ್ನು ಘೋಷಿಸುವ ಕೋಡ್ ಫೈಲ್.) ಇದು ಸಾಕಾಗಿ ಡಾಕ್ಸಿಜೆನ್ ಹಾಕಿಕೊಂಡೆವು.

ಗೊತ್ತಿಲ್ಲದವರಿಗೆ ಎರಡು ಮಾತು. ಕೋಡ್‌ನಲ್ಲಿ ಫಂಕ್ಷನ್‌ನ ತಲೆಯ ಮೇಲೆ /** ಅಂತ ಶುರುವಾಗುವ ಕಾಮೆಂಟ್ ಬರೆದರೆ, ಡಾಕ್ಸಿಜೆನ್ ಅದನ್ನು ಓದಿ ಎಚ್‌ಟಿಎಂಎಲ್ ಪುಟ ಮಾಡಿಕೊಡುತ್ತದೆ. ಜಾವಾ ಬರೆಯುವವರು ಜಾವಾಡಾಕ್‌ನಲ್ಲಿ ಮಾಡುವ ಕೆಲಸವೇ ಇದು, ಆದರೆ ಇಲ್ಲಿ ಭಾಷೆಗಳು ಹಲವು. ಡಿಮಿಟ್ರಿ ವಾನ್ ಹೀಶ್ ಇದನ್ನು 1997ರಲ್ಲಿ ಹೊರತಂದರು, ಇವತ್ತಿಗೂ ಹೊಸ ಆವೃತ್ತಿಗಳು ಬರುತ್ತಿವೆ. ಜಿಪಿಎಲ್ ಲೈಸೆನ್ಸ್, ಪೂರ್ತಿ ಉಚಿತ. ಅದು ತಯಾರಿಸಿದ ಪುಟಗಳಿಗೆ ಆ ಲೈಸೆನ್ಸ್ ಅಂಟುವುದಿಲ್ಲ. ನಮ್ಮ ಮ್ಯಾನೇಜರ್ ಮೊದಲು ಕೇಳಿದ್ದೇ ಅದನ್ನು.

ಮೊದಲ ದಿನ ಓಡಿಸಿದಾಗ ಪುಟ ಬಂತು, ಒಳಗೆ ಫಂಕ್ಷನ್‌ಗಳೇ ಇಲ್ಲ! ಕಾಮೆಂಟ್ ಎಲ್ಲ ಸರಿಯಾಗಿಯೇ ಇತ್ತು. ಅರ್ಧ ದಿನ ತಲೆ ಕೆರೆದುಕೊಂಡ ಮೇಲೆ ಗೊತ್ತಾಯಿತು: ಕ್ಲಾಸಿನ ಒಳಗಿಲ್ಲದ ಬಿಡಿ ಫಂಕ್ಷನ್, ಮ್ಯಾಕ್ರೋ, ಈನಮ್ ಪುಟಕ್ಕೆ ಬರಬೇಕಾದರೆ ಅವು ಇರುವ ಫೈಲ್‌ಗೂ ಒಂದು ಕಾಮೆಂಟ್ ಬೇಕು. ಹೆಡರ್‌ನ ಮೇಲೆ @ಫೈಲ್ ಅಂತ ಒಂದು ಸಾಲು ಹಾಕಿದರೆ ಮುಗಿಯಿತು. ಕೈಪಿಡಿಯಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ, ನಾನೇ ಓದಿರಲಿಲ್ಲ. ಸಿ ಬರೆಯುವ ಹೊಸಬರು ಇಲ್ಲಿ ಎಡವದೇ ಮುಂದೆ ಹೋಗಿದ್ದನ್ನು ನಾನಂತೂ ನೋಡಿಲ್ಲ.

ಆ ದಿನ ನಾನು ಹಿಡಿದ ಅಡ್ಡದಾರಿಯೇ ಮುಂದೆ ಎರಡು ವರ್ಷ ಕಾಡಿತು. ಕಾನ್ಫಿಗ್ ಫೈಲ್‌ನಲ್ಲಿ ಎಕ್ಸ್‌ಟ್ರಾಕ್ಟ್ ಆಲ್ ಅಂತ ಒಂದು ಆಯ್ಕೆ ಇದೆ. ಅದನ್ನು ಎಸ್ ಮಾಡಿದರೆ ಕಾಮೆಂಟ್ ಇರಲಿ ಬಿಡಲಿ, ಎಲ್ಲವೂ ಪುಟಕ್ಕೆ ಬರುತ್ತದೆ. ಹಾಕಿದೆ, ಪುಟ ತುಂಬಿತು, ಎಲ್ಲರಿಗೂ ಖುಷಿ. ನಾನು ಗಮನಿಸದೇ ಹೋದದ್ದು ಏನೆಂದರೆ, ಆ ಆಯ್ಕೆ ಹಾಕಿದ ಕೂಡಲೇ "ಈ ಫಂಕ್ಷನ್‌ಗೆ ಕಾಮೆಂಟ್ ಇಲ್ಲ" ಎಂಬ ವಾರ್ನಿಂಗ್‌ಗಳು ನಿಂತುಹೋಗುತ್ತವೆ. ಬಿಲ್ಡ್ ಲಾಗ್ ಶಾಂತವಾಗಿತ್ತು. ಎಲ್ಲವನ್ನೂ ಬರೆದು ಮುಗಿಸಿದ್ದೇವೆ ಅಂದುಕೊಂಡಿದ್ದೆವು. ನಿಜದಲ್ಲಿ ಅರ್ಧಕ್ಕರ್ಧ ಪುಟಗಳಲ್ಲಿ ಫಂಕ್ಷನ್‌ನ ಹೆಸರು ಬಿಟ್ಟರೆ ಒಂದಕ್ಷರ ವಿವರಣೆ ಇರಲಿಲ್ಲ. ಆ ಹೆಸರು ಹೆಡರ್‌ನಲ್ಲೇ ಕಾಣುತ್ತದೆ, ಅದಕ್ಕೆ ಪುಟ ಯಾಕೆ?

ಒಂದು ದಿನ ಅದನ್ನು ನೋ ಮಾಡಿದೆ. ಲಾಗ್‌ನಲ್ಲಿ ವಾರ್ನಿಂಗ್‌ಗಳ ಮಳೆ. ಒಂದೇ ಸಲ ಸರಿ ಮಾಡುವ ಮಾತೇ ಇರಲಿಲ್ಲ. ಹೊರಗಿನವರು ಬಳಸುವ ಹೆಡರ್‌ಗಳ ಫೋಲ್ಡರ್ ಒಂದನ್ನೇ ಇನ್‌ಪುಟ್‌ನಲ್ಲಿ ಉಳಿಸಿಕೊಂಡು ಒಳಗಿನ ಫೈಲ್‌ಗಳನ್ನೆಲ್ಲ ಹೊರಗಿಟ್ಟೆವು. ಅಲ್ಲಿ ವಾರ್ನಿಂಗ್ ಸೊನ್ನೆಗೆ ಬಂದ ಮೇಲೆ ವಾರ್ನಿಂಗ್ ಬಂದರೆ ಬಿಲ್ಡ್ ಫೇಲ್ ಮಾಡುವ ವಾರ್ನ್ ಆಸ್ ಎರರ್ ಆಯ್ಕೆ ಹಾಕಿದೆವು. ಇದರಲ್ಲೂ ಒಂದು ಸೂಕ್ಷ್ಮವಿದೆ. ಸುಮ್ನೆ ಎಸ್ ಅಂತ ಕೊಟ್ಟರೆ ಮೊದಲ ವಾರ್ನಿಂಗ್‌ಗೇ ನಿಂತುಬಿಡುತ್ತದೆ. ಒಂದನ್ನು ಸರಿ ಮಾಡಿ ಮತ್ತೆ ಓಡಿಸಿದರೆ ಇನ್ನೊಂದು ಸಿಗುತ್ತದೆ, ತಾಳ್ಮೆ ಕೆಡುತ್ತದೆ. ಫೇಲ್ ಆನ್ ವಾರ್ನಿಂಗ್ಸ್ ಅಂತ ಕೊಟ್ಟರೆ ಎಲ್ಲವನ್ನೂ ತೋರಿಸಿ ಕೊನೆಗೆ ಫೇಲ್ ಆಗುತ್ತದೆ. ಅದನ್ನೇ ಹಾಕಿ.

ಅಲ್ಲಿಂದ ಮುಂದೆ ನನಗೆ ಈ ಸಾಧನದ ನಿಜವಾದ ಬೆಲೆ ಗೊತ್ತಾಯಿತು. ಯಾರಾದರೂ ಪ್ಯಾರಾಮೀಟರ್‌ನ ಹೆಸರು ಬದಲಿಸಿ ಕಾಮೆಂಟ್ ಮರೆತರೆ, "ನೀನು ಹೇಳುತ್ತಿರುವ ಪ್ಯಾರಾಮೀಟರ್ ಇಲ್ಲಿ ಇಲ್ಲವೇ ಇಲ್ಲ" ಎಂದು ಡಾಕ್ಸಿಜೆನ್ ಬೈಯುತ್ತದೆ. ಬಿಲ್ಡ್ ಮುರಿಯುತ್ತದೆ, ಕೋಡ್ ಮರ್ಜ್ ಆಗುವುದಿಲ್ಲ. ಹಳೆಯ ಫೈಲ್‌ನ ಕಾಲದಲ್ಲಿ ತಿಂಗಳುಗಟ್ಟಲೆ ಕೊಳೆಯುತ್ತಿದ್ದ ತಪ್ಪು ಈಗ ಅವತ್ತೇ ಸಿಗುತ್ತದೆ.

ಆದರೆ ಅದು ಹೆಸರು ಹೋಲಿಸಬಲ್ಲದು, ಅರ್ಥ ಹೋಲಿಸಲಾರದು. ನಮ್ಮಲ್ಲಿ ಸಂಪರ್ಕ ತೆರೆಯುವ ಒಂದು ಫಂಕ್ಷನ್ ಇತ್ತು. ಟೈಮೌಟ್ ಎಂಬ ಪ್ಯಾರಾಮೀಟರ್‌ಗೆ "ಎಷ್ಟು ಸೆಕೆಂಡ್ ಕಾಯಬೇಕು" ಅಂತ ಕಾಮೆಂಟ್. ಒಳಗಿನ ಕೋಡನ್ನು ನಾನೇ ಮಿಲಿಸೆಕೆಂಡಿಗೆ ಬದಲಿಸಿದೆ, ಕಾಮೆಂಟ್ ಹಾಗೇ ಬಿಟ್ಟೆ. ಹೆಸರು ಅದೇ ಇದ್ದುದರಿಂದ ಡಾಕ್ಸಿಜೆನ್ ತುಟಿ ಬಿಚ್ಚಲಿಲ್ಲ. ಇನ್ನೊಂದು ತಂಡದವರು ಪುಟ ನೋಡಿ 5 ಅಂತ ಕೊಟ್ಟರು. ಐದು ಸೆಕೆಂಡ್ ಕಾಯುತ್ತದೆ ಅಂತ ಅವರ ಲೆಕ್ಕ, ಐದು ಮಿಲಿಸೆಕೆಂಡಿಗೆ ಕೈಬಿಡುತ್ತಿತ್ತು. ಎರಡು ದಿನ ನೆಟ್‌ವರ್ಕ್ ಅನ್ನು ದೂರಿದರು ಪಾಪ. ಕಾಮೆಂಟ್‌ನಿಂದ ಹುಟ್ಟಿದ ಪುಟಕ್ಕೆ ಇದೊಂದು ಅಪಾಯ: ಬಿಲ್ಡ್‌ನಿಂದ ಬಂದದ್ದು, ಅಂದವಾಗಿ ಕಾಣುತ್ತದೆ, ಹಾಗಾಗಿ ಜನ ಅನುಮಾನಿಸುವುದೇ ಇಲ್ಲ.

ಅದಾದ ಮೇಲೆ ನಾನು ಕಲಿತ ಉಪಾಯ ಇಷ್ಟು. ಅಳತೆಯನ್ನು ಕಾಮೆಂಟ್‌ನಲ್ಲಿ ಮಾತ್ರ ಬಿಡದೆ ಹೆಸರಿನಲ್ಲೇ ಸೇರಿಸಿದೆ, ಟೈಮೌಟ್‌_ಎಂಎಸ್ ಅಂತ. ಇನ್ನು ಅಳತೆ ಬದಲಾದರೆ ಹೆಸರೂ ಬದಲಾಗಬೇಕು, ಹೆಸರು ಬದಲಾದರೆ ಡಾಕ್ಸಿಜೆನ್ ಕೂಗುತ್ತದೆ, ಕೂಗಿದಾಗ ಯಾರಾದರೂ ಕಾಮೆಂಟ್ ಓದಲೇಬೇಕು. ಪ್ಯಾರಾಮೀಟರ್ ಒಳಗೆ ಬರುವುದೋ ಹೊರಗೆ ಹೋಗುವುದೋ ಅಂತ ಕಾಮೆಂಟ್‌ನಲ್ಲಿ [ಇನ್], [ಔಟ್] ಗುರುತು ಹಾಕುವುದನ್ನೂ ಕಡ್ಡಾಯ ಮಾಡಿದೆವು. ಇದನ್ನು ನಮಗೆ ನಾವೇ ಹಾಕಿಕೊಂಡೆವು, ರಿವ್ಯೂನಲ್ಲಿ ಕಣ್ಣಿಟ್ಟು ನೋಡುತ್ತೇವೆ.

ಉದಾಹರಣೆ ಕೋಡ್‌ನ ಕಥೆಯೂ ಹೀಗೆಯೇ. ಕಾಮೆಂಟ್‌ನ ಒಳಗೆ ಬರೆದ ಉದಾಹರಣೆ ಕಂಪೈಲ್ ಆಗುತ್ತದೋ ಇಲ್ಲವೋ ಡಾಕ್ಸಿಜೆನ್ ನೋಡುವುದಿಲ್ಲ. ಈ ವಿಷಯದಲ್ಲಿ ರಸ್ಟ್ ಬರೆಯುವವರನ್ನು ನೋಡಿ ಹೊಟ್ಟೆಕಿಚ್ಚಾಗುತ್ತದೆ. ಅಲ್ಲಿ ಟೆಸ್ಟ್ ಓಡಿಸುವ ಕಾರ್ಗೋ ಟೆಸ್ಟ್ ಕಮಾಂಡ್ ಕೊಟ್ಟರೆ ಕಾಮೆಂಟ್‌ನ ಉದಾಹರಣೆಗಳೂ ಓಡುತ್ತವೆ. ಪೈಥಾನ್‌ನಲ್ಲೂ ಡಾಕ್‌ಟೆಸ್ಟ್ ಇದೆ. ನಾವು ಸ್ನಿಪೆಟ್ ಎಂಬ ಕಮಾಂಡ್ ಬಳಸುತ್ತೇವೆ: ಟೆಸ್ಟ್ ಫೈಲ್‌ನಲ್ಲಿ ಬೇಕಾದ ಭಾಗದ ಸುತ್ತ ಗುರುತು ಹಾಕಿದರೆ ಅಷ್ಟನ್ನು ಪುಟಕ್ಕೆ ಎಳೆದುಕೊಳ್ಳುತ್ತದೆ. ಟೆಸ್ಟ್ ಪಾಸಾದರೆ ಉದಾಹರಣೆ ಸರಿ ಇದೆ ಅಂತ. ಸ್ವಲ್ಪ ಸುತ್ತಿ ಬಳಸಿದ ದಾರಿ, ಆದರೂ ಕೆಲಸ ಆಗುತ್ತದೆ.

ಇನ್ನು ಸಣ್ಣ ಕಿರಿಕಿರಿಗಳು. ಮೊದಲ ವಾಕ್ಯವನ್ನೇ ಸಾರಾಂಶವಾಗಿ ತೆಗೆದುಕೊಳ್ಳುವ ಆಟೋಬ್ರೀಫ್ ಆಯ್ಕೆ ಚೆನ್ನಾಗಿದೆ, ಆದರೆ ಅದರ ಪಾಲಿಗೆ ವಾಕ್ಯ ಅಂದರೆ ಮೊದಲ ಚುಕ್ಕಿ ಮತ್ತು ಅದರ ನಂತರದ ಖಾಲಿ ಜಾಗ. "ಉದಾ. " ಅಂತ ಬರೆದರೆ ಸಾರಾಂಶ ಅಲ್ಲೇ ಕತ್ತರಿಸುತ್ತದೆ. ಫಂಕ್ಷನ್‌ನ ಮುಂದೆ ಎಕ್ಸ್‌ಪೋರ್ಟ್ ಮ್ಯಾಕ್ರೋ (ಲೈಬ್ರರಿಯ ಹೊರಗೂ ಕಾಣಲಿ ಅನ್ನುವ ಗುರುತು) ಇದ್ದರೆ ಒಮ್ಮೊಮ್ಮೆ ಗೊಂದಲವಾಗುತ್ತದೆ. ಮ್ಯಾಕ್ರೋ ಎಕ್ಸ್‌ಪ್ಯಾನ್ಶನ್ ಚಾಲೂ ಮಾಡಿ, ಪ್ರೀಡಿಫೈನ್ಡ್‌ನಲ್ಲಿ ಆ ಮ್ಯಾಕ್ರೋಗೆ ಖಾಲಿ ಅರ್ಥ ಕೊಟ್ಟರೆ ಸರಿಹೋಗುತ್ತದೆ. ಕಾನ್ಫಿಗ್ ಫೈಲ್ ತೆರೆದರೆ ನೂರಾರು ಆಯ್ಕೆಗಳು, ಹೆದರಬೇಡಿ. ಕಮಾಂಡ್‌ಗೆ -ಎಕ್ಸ್ ಕೊಟ್ಟರೆ ನೀವು ಬದಲಿಸಿದ್ದನ್ನು ಮಾತ್ರ ತೋರಿಸುತ್ತದೆ. ನಮ್ಮದು ಒಂದು ಪರದೆಯಷ್ಟೂ ಇಲ್ಲ.

ಚಿತ್ರ ಬಿಡಿಸುವ ಸಾಧನ ಗ್ರಾಫ್‌ವಿಜ್ ಜೋಡಿಸಿ ಯಾವ ಫಂಕ್ಷನ್ ಯಾವುದನ್ನು ಕರೆಯುತ್ತದೆ ಎಂಬ ಚಿತ್ರ ಹಾಕಿಸಿದ್ದೆ. ಬಿಲ್ಡ್ ಸಮಯ ವಿಪರೀತ ಏರಿತು. ಡೀಫಾಲ್ಟ್ ಆಗಿ 50 ನೋಡ್ (ಚಿತ್ರದ ಡಬ್ಬಿಗಳು) ದಾಟಿದ ಚಿತ್ರವನ್ನು ಕತ್ತರಿಸಿ ಕೆಂಪು ಡಬ್ಬಿ ತೋರಿಸುತ್ತದೆ. ನಿಜವಾಗಿ ಚಿತ್ರ ಬೇಕಾಗುವಷ್ಟು ಜಟಿಲವಾದ ಜಾಗದಲ್ಲೇ ಕೆಂಪು ಡಬ್ಬಿ. ಕ್ಲಾಸ್‌ಗಳ ವಂಶವೃಕ್ಷ ಮಾತ್ರ ಉಳಿಸಿಕೊಂಡು ಮಿಕ್ಕದ್ದನ್ನು ತೆಗೆದುಹಾಕಿದೆ. ಲೇಟೆಕ್ ಔಟ್‌ಪುಟ್ ಕೂಡ ತಾನಾಗಿಯೇ ಚಾಲೂ ಇರುತ್ತದೆ, ಪಿಡಿಎಫ್ ಬೇಡದವರು ಮೊದಲೇ ಆರಿಸಿಬಿಡಿ.

ಪುಟಗಳ ನೋಟ ಹಳೆಯದು ಅಂತ ಹೊಸಬರು ಮೂಗು ಮುರಿಯುತ್ತಾರೆ. ಕತ್ತಲೆ ಬಣ್ಣ ಈಚೆಗೆ ಬಂದಿದೆ. ಅಂದ ಬೇಕೇಬೇಕು ಅನ್ನುವವರು ಎಕ್ಸ್‌ಎಂಎಲ್ ತೆಗೆದು ಬ್ರೀದ್ ಎಂಬ ಸೇತುವೆಯ ಮೂಲಕ ಸ್ಫಿಂಕ್ಸ್ ಎಂಬ ಇನ್ನೊಂದು ದಾಖಲೆ ಸಾಧನಕ್ಕೆ ಕೊಡಬಹುದು. ನಾನು ಒಂದು ತಿಂಗಳು ಹಾಗೆ ಮಾಡಿ ವಾಪಸ್ ಬಂದೆ. ಎರಡು ಸಾಧನ ಸಾಕುವ ತಾಪತ್ರಯ ನಮ್ಮಂಥ ಸಣ್ಣ ತಂಡಕ್ಕೆ ಜಾಸ್ತಿಯಾಯಿತು.

ಐದಕ್ಕೆ ನಾಲ್ಕು ಅಂಕ. ಕಳೆದ ಒಂದು ಅಂಕ ಉದಾಹರಣೆಗಳನ್ನು ಓಡಿಸಿ ನೋಡದೇ ಇರುವುದಕ್ಕೆ. ಕೆಂಪು ಡಬ್ಬಿಯನ್ನು ಕ್ಷಮಿಸಿದ್ದೇನೆ.