ಬೀಗರ ಮನೆತನ ಹುಡುಕಲು ಫ್ಯಾಮಿಲಿಸರ್ಚ್ ಬಳಸಿದೆ: ಪುಣೆಯಿಂದ ನೆಬ್ರಾಸ್ಕಾವರೆಗೆ

ನಮ್ಮ ಸೊಸೆ ಅಮೆರಿಕದ ನೆಬ್ರಾಸ್ಕಾದವಳು. ಬೀಗರು ತುಂಬಾ ಒಳ್ಳೆಯ ಜನ. ಆದರೆ ಹಿರಿಯರ ಬಗ್ಗೆ ಕೇಳಿದರೆ "ಬೊಹೀಮಿಯಾದಿಂದ (ಈಗಿನ ಚೆಕ್ ದೇಶದ ಭಾಗ) ಬಂದು ಒಕ್ಕಲುತನ ಮಾಡಿದರಂತೆ" ಅನ್ನುವುದಷ್ಟೇ ಅವರಿಗೆ ಗೊತ್ತಿತ್ತು. ನಾನು ಬಾಗಲಕೋಟೆ ಕಡೆಯವನು, ಪುಣೆಯ ಕೋಥ್ರೂಡ್‌ಗೆ ಬಂದು 30 ವರ್ಷ ಆಯಿತು. ಚಿಕ್ಕವನಿದ್ದಾಗ ನಮ್ಮೂರಿಗೆ ಹೆಳವರು ಬರುತ್ತಿದ್ದರು. ಮನೆ ಮುಂದೆ ಕೂತು ನಮ್ಮ ವಂಶಾವಳಿ ಓದುತ್ತಿದ್ದರು, ಹೊಸದಾಗಿ ಹುಟ್ಟಿದವರ ಹೆಸರು ಬರೆದುಕೊಂಡು ಕಾಳು ತೊಗೊಂಡು ಮುಂದಿನ ಮನೆಗೆ ಹೋಗುತ್ತಿದ್ದರು. ಹಾಗಾಗಿ ಮೊಮ್ಮಗಳಿಗೆ ನಮ್ಮ ಕಡೆಯ ಏಳು ತಲೆಮಾರು ಹೇಳಬಲ್ಲೆ. ಅವಳ ತಾಯಿಯ ಕಡೆಯದು ಮಾತ್ರ ಖಾಲಿ ಇತ್ತು, ಅದು ಮನಸ್ಸಿಗೆ ಕೊರೆಯುತ್ತಿತ್ತು.

ಮೊದಲು ದುಡ್ಡು ಕಟ್ಟುವ ಒಂದು ವೆಬ್‌ಸೈಟಿಗೆ ಸೇರಿದೆ. ಅದರ ಹೆಸರು ಬೇಡ ಬಿಡಿ. ಯಾವುದೋ ಬೇರೆ ಮನೆತನವನ್ನು ತಂದು ನಮ್ಮ ಬೀಗರಿಗೆ ಜೋಡಿಸಿತು, ಮುಂದಿನ ವರ್ಷ ಕೇಳದೇ ಕಾರ್ಡಿನಿಂದ ಹಣ ಎಳೆದುಕೊಂಡಿತು. ಆಮೇಲೆ ಹಳೆಯ ದಾಖಲೆಗಳಲ್ಲಿ ಹಿರಿಯರನ್ನು ಹುಡುಕುವ ಫ್ಯಾಮಿಲಿಸರ್ಚ್ ಎಂಬ ವೆಬ್‌ಸೈಟು ನೋಡಿದೆ. ಇದು ಪೂರ್ತಿ ಉಚಿತ, ಒಂದು ಖಾತೆ ತೆರೆದರೆ ಸಾಕು. ನಡೆಸುವವರು ಯೂಟಾದ ಸಾಲ್ಟ್ ಲೇಕ್ ಸಿಟಿಯ ಮಾರ್ಮನ್ ಚರ್ಚಿನವರು. 1894ರಲ್ಲಿ ವಂಶಾವಳಿ ಸಂಘ ಅಂತ ಶುರುವಾಗಿ, 1938ರಿಂದ ದಾಖಲೆಗಳನ್ನು ಮೈಕ್ರೋಫಿಲ್ಮಿಗೆ ಇಳಿಸುತ್ತಾ ಬಂದವರು. ಈಗ ಅವುಗಳಲ್ಲಿ ಬಹಳಷ್ಟು ಮನೆಯಲ್ಲೇ ಕೂತು ನೋಡಲು ಸಿಗುತ್ತವೆ.

ಹುಡುಕುವಾಗ ಒಂದು ವಿಷಯ ತಿಳಿದಿರಬೇಕು. ಅಮೆರಿಕದ ಜನಗಣತಿ 1790ರಿಂದ ಹತ್ತು ವರ್ಷಕ್ಕೊಮ್ಮೆ ನಡೆದಿದೆ, ಆದರೆ 1840ರವರೆಗೆ ಮನೆಯ ಯಜಮಾನನ ಹೆಸರಷ್ಟೇ ಬರೆಯುತ್ತಿದ್ದರು, ಉಳಿದವರು ಬರೀ ಲೆಕ್ಕ. 1850ರಿಂದ ಮನೆಮಂದಿಯ ಹೆಸರು ಬಂತು, ಆಗಲೂ ಗುಲಾಮರ ಹೆಸರು ಆ ಪಟ್ಟಿಯಲ್ಲಿ ಇಲ್ಲ. 1880ರದ್ದು ಎಲ್ಲಕ್ಕಿಂತ ಒಳ್ಳೆಯದು: ಯಾರು ಯಾರಿಗೆ ಏನಾಗಬೇಕು, ತಂದೆತಾಯಿ ಎಲ್ಲಿ ಹುಟ್ಟಿದವರು, ಎಲ್ಲ ಇದೆ. 1890ರ ಪುಸ್ತಕಗಳು 1921ರ ಬೆಂಕಿಗೆ ಸಿಕ್ಕು ಬಹುಪಾಲು ಹಾಳಾದವು, ಅಲ್ಲಿ ಹುಡುಕಿ ಸಮಯ ಕಳೆಯಬೇಡಿ. ಚೆಕ್ ಹೆಸರುಗಳನ್ನು ಇಂಗ್ಲಿಷ್ ಗುಮಾಸ್ತ ತನಗೆ ಕೇಳಿಸಿದ ಹಾಗೆ ಬರೆದಿರುತ್ತಾನೆ. ಅನುಮಾನ ಇರುವ ಅಕ್ಷರದ ಜಾಗದಲ್ಲಿ ನಕ್ಷತ್ರದ ಗುರುತು ಹಾಕಿ ಹುಡುಕಿ, ನನಗೆ ಬೀಗರ ಮುತ್ತಜ್ಜ ಸಿಕ್ಕಿದ್ದು ಹಾಗೇ. ನೆಬ್ರಾಸ್ಕಾದ ಸಲೀನ್ ಕೌಂಟಿ (ನಮ್ಮ ಜಿಲ್ಲೆ ಇದ್ದ ಹಾಗೆ), ಹತ್ತು ವರ್ಷದ ಹುಡುಗ. ಮನೆಯ ಯಜಮಾನಿ ಅವನ ತಾಯಿ, ವಿಧವೆ.

ಅಲ್ಲಿಂದ ಮುಂದೆ ಅಮೆರಿಕ ಸರ್ಕಾರದ ಭೂದಾಖಲೆ ವೆಬ್‌ಸೈಟು, ಅದೂ ಉಚಿತ. ಮೊದಲು ಆ ವಿಧವೆಯ ಗಂಡನ ಹೆಸರಲ್ಲಿ ಹುಡುಕಿದೆ, ಏನೂ ಬರಲಿಲ್ಲ. ಹೆಂಡತಿಯ ಹೆಸರು ಹಾಕಿದ ತಕ್ಷಣ ಪಟ್ಟಾ ತೆರೆದುಕೊಂಡಿತು! ನಮ್ಮ ಉತಾರ (ಪಹಣಿ), ಇಲ್ಲಿ ಮಹಾರಾಷ್ಟ್ರದಲ್ಲಿ ಅದಕ್ಕೇ ಅನ್ನುವ ಸಾತ್‌ಬಾರಾ ಓದಿದವರಿಗೆ ಅದು ಕಷ್ಟವಲ್ಲ: ಆರು ಮೈಲಿ ಚೌಕದ ಒಂದು ಟೌನ್‌ಶಿಪ್, ಅದರಲ್ಲಿ 36 ಭಾಗ, ಒಂದು ಭಾಗ 640 ಎಕರೆ. ಅದರ ಕಾಲುಭಾಗ, ಅಂದರೆ 160 ಎಕರೆ, 1862ರ ಹೋಮ್‌ಸ್ಟೆಡ್ ಕಾಯ್ದೆ ಪ್ರಕಾರ ಒಬ್ಬರಿಗೆ ಸಿಗುತ್ತಿತ್ತು. ಒಟ್ಟು ಶುಲ್ಕ 18 ಡಾಲರ್, ಆದರೆ ಐದು ವರ್ಷ ಅಲ್ಲೇ ಬಾಳಿ ನೆಲ ಉಳಬೇಕು. ಗಂಡ ನಡುವೆ ತೀರಿಕೊಂಡರೆ ಹೆಂಡತಿ ಅವಧಿ ಮುಗಿಸಿ ತನ್ನ ಹೆಸರಿಗೆ ಮಾಡಿಸಿಕೊಳ್ಳಬಹುದಿತ್ತು.

ಪಟ್ಟಾದ ನಂಬರು ಕೊಟ್ಟು ಸೊಸೆ ವಾಷಿಂಗ್ಟನ್ನಿನ ರಾಷ್ಟ್ರೀಯ ದಾಖಲಾಲಯದಿಂದ ಪೂರ್ತಿ ಫೈಲಿನ ನಕಲು ತರಿಸಿದಳು. ಇದಕ್ಕೆ ಮಾತ್ರ ದುಡ್ಡು ಬೇಕು, ದಯವಿಟ್ಟು ಕೊಡಿ. ನಿಜವಾದ ಕಥೆ ಇರುವುದು ಅದರೊಳಗೆ. ಆ ಗಂಡಹೆಂಡತಿ ಅಲ್ಲಿಗೆ ಬಂದದ್ದು 1872ರಲ್ಲಿ. ಹುಲ್ಲಿನ ಬೇರು ಸಮೇತ ಕಡಿದ ಮಣ್ಣಿನ ಹೆಂಟೆ ಪೇರಿಸಿ ಕಟ್ಟಿದ ಮನೆ, ಒಂದು ಬಾಗಿಲು, ಎರಡು ಕಿಟಕಿ. 1874ರಲ್ಲಿ ಮಿಡತೆ ಬಂದು ಮೆಕ್ಕೆಜೋಳ ತಿಂದುಹಾಕಿದವು. ಮರುವರ್ಷ ಗಂಡ ಸತ್ತ. ಅವಳು ಬಿಟ್ಟು ಹೋಗಲಿಲ್ಲ. 1877ರಲ್ಲಿ ಇಬ್ಬರು ನೆರೆಯವರು ಬಂದು ಸಾಕ್ಷಿ ಹೇಳಿದರು: ಬಾವಿ ಇದೆ, 35 ಎಕರೆ ಉತ್ತಿದ್ದಾಳೆ, ಮಕ್ಕಳೊಂದಿಗೆ ಇಲ್ಲೇ ಇದ್ದಾಳೆ. ಕೆಳಗೆ ಅವಳ ಸಹಿಯ ಜಾಗದಲ್ಲಿ ಒಂದು ಅಡ್ಡಗೀಟು. ಅದನ್ನು ವಿಡಿಯೋ ಕಾಲ್‌ನಲ್ಲಿ ತೋರಿಸುವಾಗ ಬೀಗರು ಕಣ್ಣೊರೆಸಿಕೊಂಡರು, ನಾನೂ ಅಷ್ಟೇ. ನಮ್ಮ ಮುತ್ತಜ್ಜಿಯೂ ಗಂಡ ಹೋದ ಮೇಲೆ ಹೊಲ ಮಾಡಿದವಳು. ಅವಳ ಹೆಸರು ಯಾವ ಉತಾರದಲ್ಲೂ ಇಲ್ಲ, ಹೆಳವರ ಪುಸ್ತಕದಲ್ಲೂ ಇಲ್ಲ.

ಆ ನೆಲದಲ್ಲಿ ಮೊದಲು ಬಾಳಿದವರು ಅಮೆರಿಕದ ಮೂಲನಿವಾಸಿಗಳಾದ ಪಾವ್ನೀ, ಓಟೋ ಜನ. ಪಾವ್ನೀಗಳನ್ನು ಅದೇ 1870ರ ದಶಕದಲ್ಲಿ ಈಗಿನ ಓಕ್ಲಹೋಮಕ್ಕೆ ಸಾಗಿಸಿದರು. ಮೊಮ್ಮಗಳಿಗೆ ಇದನ್ನೂ ಹೇಳಿದ್ದೇನೆ. ಪಟ್ಟಾ ಕಾಗದ ಈ ಮಾತು ಎತ್ತುವುದಿಲ್ಲ.

ಫ್ಯಾಮಿಲಿಸರ್ಚ್ ಬಗ್ಗೆ ಎರಡು ಮಾತು. ಅಲ್ಲಿಯ ವಂಶವೃಕ್ಷ ಎಲ್ಲರಿಗೂ ಸೇರಿ ಒಂದೇ, ಯಾರು ಬೇಕಾದರೂ ತಿದ್ದಬಹುದು. ಹಾಗಾಗಿ ಮೂಲ ಕಾಗದದ ಚಿತ್ರ ನೋಡದೆ ಯಾವ ಕೊಂಡಿಯನ್ನೂ ನಂಬಬೇಡಿ. ಕೆಲವು ಚಿತ್ರಗಳು ಅವರ ಕೇಂದ್ರಗಳಲ್ಲಿ ಅಥವಾ ಅವರ ಜೊತೆ ಕೈಜೋಡಿಸಿರುವ ಲೈಬ್ರರಿಗಳಲ್ಲಿ ಮಾತ್ರ ತೆರೆಯುತ್ತವೆ, ಅಲ್ಲಿ ಇರುವ ನೆಂಟರಿಗೆ ಹೇಳಿದರೆ ಆಯಿತು. ನನ್ನ ಕಡೆಯಿಂದ ಐದಕ್ಕೆ ಐದು. ಇನ್ನು ಆ ತಾಯಿ ಬೊಹೀಮಿಯಾದ ಯಾವ ಹಳ್ಳಿಯವಳು ಅಂತ ಹುಡುಕಬೇಕು, ಚೆಕ್ ಚರ್ಚಿನ ಪುಸ್ತಕ ಓದಲು ಬರುವವರು ಪುಣೆಯಲ್ಲಿ ಯಾರಾದರೂ ಇದ್ದರೆ ತಿಳಿಸಿ.