36,000 ಕಿ.ಮೀ. ಓಡಿಸಿದ ಮೇಲೆ ನನ್ನ ವ್ಯಾಗನ್ ಆರ್ ಬ್ರೇಕ್ ಪ್ಯಾಡ್ ಬಗ್ಗೆ

ನನ್ನದು 2017ರ ವ್ಯಾಗನ್ ಆರ್. ಮುಂದೆ ಡಿಸ್ಕ್, ಹಿಂದೆ ಡ್ರಮ್. ದಿನಾ ಬನಶಂಕರಿಯಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೋಗಿ ಬರುತ್ತೇನೆ. ಸಿಲ್ಕ್ ಬೋರ್ಡ್ ದಾಟುವಷ್ಟರಲ್ಲಿ ಆಕ್ಸಿಲರೇಟರ್‌ಗಿಂತ ಬ್ರೇಕ್ ತುಳಿದಿದ್ದೇ ಜಾಸ್ತಿ ಆಗಿರುತ್ತದೆ. ಬ್ರೇಕ್ ತುಳಿದಾಗ ಡಿಸ್ಕನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುವ ಪಟ್ಟಿಯೇ ಪ್ಯಾಡ್. ಈಗ ಗಾಡಿಯಲ್ಲಿರುವುದು ಮಾರುತಿ ಜೆನ್ಯೂನ್ ಪಾರ್ಟ್ಸ್ ಪ್ಯಾಡ್. ಹಾಕಿಸಿ 36,000 ಕಿ.ಮೀ. ಆಯಿತು.

ಅದಕ್ಕೂ ಮುಂಚೆ ಇದ್ದ ಸೆಟ್ಟಿನ ಕಥೆಯೇ ಬೇರೆ. ಮನೆ ಹತ್ತಿರದ ಗ್ಯಾರೇಜಿನಲ್ಲಿ "ಸಾರ್, ಇದೂ ಒರಿಜಿನಲ್ ಥರಾನೇ, ಸುಮ್ನೆ ಯಾಕೆ ದುಡ್ಡು ಜಾಸ್ತಿ ಕೊಡ್ತೀರಾ" ಅಂದರು. ಬರೀ 700 ರೂಪಾಯಿ. ಒರಿಜಿನಲ್ ಥರಾನೇ ಅಂದರೆ ಒರಿಜಿನಲ್ ಅಲ್ಲ ಅಂತಲೇ ಅರ್ಥ ಅಲ್ವಾ? ಆಗ ಹೊಳೆಯಲಿಲ್ಲ. ಒಂದು ತಿಂಗಳು ಚೆನ್ನಾಗಿತ್ತು. ಆಮೇಲೆ ಬೆಳಗ್ಗೆ ಹೊತ್ತು ಕಿರ್ ಅನ್ನುವ ಸದ್ದು ಶುರುವಾಯಿತು. ರಾತ್ರಿ ಮಳೆ ಬಂದರೆ ಡಿಸ್ಕ್ ಮೇಲೆ ತೆಳ್ಳಗೆ ತುಕ್ಕು ಕೂತಿರುತ್ತದೆ, ನಾಲ್ಕು ಸಲ ಬ್ರೇಕ್ ಹಿಡಿದರೆ ಹೋಗುತ್ತದೆ. ಅದೇ ಇರಬೇಕು ಅಂದುಕೊಂಡೆ. ಈ ಸದ್ದು ಮಾತ್ರ ಆಫೀಸಿನವರೆಗೂ ಜೊತೆಗೇ ಬರುತ್ತಿತ್ತು.

ಬಣ್ಣ ಬಯಲಾಗಿದ್ದು ನಂದಿ ಬೆಟ್ಟ ಇಳಿಯುವಾಗ. ಎರಡನೇ ಗೇರಿನಲ್ಲೇ ಇದ್ದೆ. ಆದರೂ ಅರ್ಧ ದಾರಿಗೆ ಸುಟ್ಟ ವಾಸನೆ. ಪೆಡಲ್ ಗಟ್ಟಿಯಾಗೇ ಇದೆ, ಎಷ್ಟು ಒತ್ತಿದರೂ ಗಾಡಿ ಹಿಡಿತಕ್ಕೆ ಬರುತ್ತಿಲ್ಲ. ಪಕ್ಕದಲ್ಲಿದ್ದ ಅಮ್ಮ "ಸ್ವಲ್ಪ ನಿಧಾನಕ್ಕೆ ಹೋಗೋ" ಅಂದರು. ನಾನೂ ಅದಕ್ಕೇ ಒದ್ದಾಡುತ್ತಿದ್ದೆ. ಹೇಗೋ ಬದಿಗೆ ನಿಲ್ಲಿಸಿ, ಅರ್ಧ ಗಂಟೆ ಆರಲು ಬಿಟ್ಟು, ಉಳಿದದ್ದನ್ನು ಒಂದನೇ ಗೇರಿನಲ್ಲಿ ಇಳಿದೆ. ಮಾರನೇ ದಿನ ಚಕ್ರ ಬಿಚ್ಚಿಸಿ ನೋಡಿದರೆ ಪ್ಯಾಡಿನ ಮೈ ಗಾಜಿನ ಹಾಗೆ ಹೊಳೆಯುತ್ತಿತ್ತು. ಡಿಸ್ಕ್ ಮೇಲೆ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೆರೆ. ಆಗ 11,000 ಕಿ.ಮೀ. ಕೂಡ ಆಗಿರಲಿಲ್ಲ. ಪ್ಯಾಡಿನಲ್ಲಿ ಸಾವಿರ ಚಿಲ್ಲರೆ ಉಳಿಸಲು ಹೋಗಿ ಎರಡೂ ಡಿಸ್ಕ್ ಹೊಸದು ಹಾಕಿಸಬೇಕಾಯಿತು.

ಈಗಿರುವ ಸೆಟ್ ತರಲು ನಾನೇ ಜೆ.ಸಿ. ರಸ್ತೆಗೆ ಹೋದೆ. ಟೌನ್ ಹಾಲ್ ಕಡೆಯಿಂದ ಮಿನರ್ವ ಸರ್ಕಲ್‌ವರೆಗೆ ಸಾಲು ಸಾಲು ಬಿಡಿಭಾಗದ ಅಂಗಡಿ. ಹಳೇ ಪ್ಯಾಡ್ ಒಂದನ್ನು ಚೀಲದಲ್ಲಿ ಹಾಕಿಕೊಂಡು, ಆರ್‌ಸಿ ಫೋಟೋ ಇಟ್ಟುಕೊಂಡು ಹೋಗಿ. ಒಂದೇ ಹೆಸರಿನ ಗಾಡಿಯಾದರೂ ವರ್ಷ ಬದಲಾದರೆ ಪಾರ್ಟ್ ನಂಬರ್ ಬದಲಾಗಿರಬಹುದು. ಡಬ್ಬಿಯ ಮೇಲಿನ ನಂಬರ್ ಮಾತ್ರ ನೋಡಿ ಸುಮ್ಮನಾಗಬೇಡಿ, ಒಳಗಿನ ಪ್ಯಾಡ್ ತೆಗೆದು ಹಳೆಯದರ ಮೇಲಿಟ್ಟು ನೋಡಿ. ಬಿಲ್ ಕೊಡಲ್ಲ ಅಂದರೆ ಮುಂದಿನ ಅಂಗಡಿ. ನನಗೆ ಎರಡು ಸಾವಿರಕ್ಕೆ ಹತ್ತಿರ ಹತ್ತಿರ ಬಿತ್ತು.

ಕೆಲವು ಪ್ಯಾಡ್ ಮೇಲೆ ಎಫ್‌ಎಫ್, ಜಿಎಫ್ ಅಂತ ಎರಡು ಅಕ್ಷರ ಇರುತ್ತವೆ. ಇದು ಫಸ್ಟ್ ಕ್ಲಾಸ್, ಸೆಕೆಂಡ್ ಕ್ಲಾಸ್ ಅನ್ನುವ ಲೆಕ್ಕ ಅಲ್ಲ. ಘರ್ಷಣೆ ಎಷ್ಟು ಅಂತ ಹೇಳುವ ಗುರುತು. ಮೊದಲ ಅಕ್ಷರ ಮಾಮೂಲಿ ಬಿಸಿಗೆ, ಎರಡನೆಯದು ಚೆನ್ನಾಗಿ ಕಾದಾಗ. ಎಫ್ ಅಂದರೆ ಘರ್ಷಣಾಂಕ 0.35ರಿಂದ 0.45. ಕಾದ ಮೇಲೂ ಹಿಡಿತ ಅಷ್ಟೇ ಇರಬೇಕು. ಬೆಟ್ಟದಲ್ಲಿ ನನಗೆ ಕೈಕೊಟ್ಟಿದ್ದು ಅದೇ.

ಹಾಕಿಸಿದ ಮೇಲೆ ಗಾಡಿ ಕದಲಿಸುವ ಮುಂಚೆ ಪೆಡಲ್ ಗಟ್ಟಿಯಾಗುವವರೆಗೆ ಒತ್ತಬೇಕು. ಇಲ್ಲದಿದ್ದರೆ ಮೊದಲ ಬ್ರೇಕ್‌ಗೆ ಪೆಡಲ್ ತಳಕ್ಕೆ ಹೋಗುತ್ತದೆ. ಮೊದಲ 300 ಕಿ.ಮೀ. ಹಿಡಿತ ಸ್ವಲ್ಪ ಮೆತ್ತಗಿತ್ತು, ಜೋರು ಬ್ರೇಕ್ ಹಿಡಿಯಲಿಲ್ಲ. ಆಮೇಲೆ ಕೂತುಕೊಂಡಿತು. ಸದ್ದಿಲ್ಲ. ದೂರು ಅಂದರೆ ಒಂದೇ, ಚಕ್ರದ ಮೇಲೆ ಕಪ್ಪು ಪುಡಿ. ವಾರಕ್ಕೊಮ್ಮೆ ಒರೆಸಬೇಕು.

12,000 ಕಿ.ಮೀ.ಗೆ ಚಕ್ರ ಬಿಚ್ಚಿಸಿದಾಗ ಎಡಗಡೆ ಒಳಗಿನ ಪ್ಯಾಡಿನ ದಪ್ಪ ಆರೂವರೆ ಮಿಲಿಮೀಟರ್, ಹೊರಗಿನದು ಎಂಟೂವರೆ. ಹೊಸದಿದ್ದಾಗ ಎರಡೂ ಹತ್ತು. ಇಷ್ಟು ದುಡ್ಡು ಕೊಟ್ಟೂ ಇದೇ ಗತಿಯಾ ಅಂತ ಸಿಟ್ಟು ಬಂತು. ಮೆಕ್ಯಾನಿಕ್ ಅಣ್ಣ ಕ್ಯಾಲಿಪರ್ (ಪ್ಯಾಡನ್ನು ಡಿಸ್ಕ್ ಮೇಲೆ ಒತ್ತುವ ಭಾಗ) ಹಿಡಿದು ಅಲ್ಲಾಡಿಸಿ ತೋರಿಸಿದರು, ಜಗ್ಗಲೇ ಇಲ್ಲ. ಅದು ಜಾರುವ ಪಿನ್ನಿನ ರಬ್ಬರ್ ಹರಿದು ನೀರು ಹೋಗಿ ತುಕ್ಕು ಹಿಡಿದಿತ್ತು. ಪಿನ್ ಉಜ್ಜಿ, ರಬ್ಬರ್ ಬದಲಿಸಿ, ಬ್ರೇಕ್‌ಗೆ ಅಂತಲೇ ಬರುವ ಸಿಲಿಕೋನ್ ಗ್ರೀಸ್ ಹಾಕಿದರು. ಮಾಮೂಲಿ ಗ್ರೀಸ್ ಹಾಕಿದರೆ ರಬ್ಬರ್ ಊದಿಕೊಳ್ಳುತ್ತದೆ. ನೂರು ರೂಪಾಯಿ ಚಿಲ್ಲರೆ ಕೆಲಸ. ಪ್ಯಾಡ್ ಬದಲಿಸುವಾಗಲೇ ಇದನ್ನು ಮಾಡಬೇಕಿತ್ತು, ನಾನೂ ಕೇಳಲಿಲ್ಲ, ಅವರೂ ಮಾಡಲಿಲ್ಲ.

ಎರಡು ವರ್ಷಕ್ಕೆ ಬ್ರೇಕ್ ಆಯಿಲ್ ಕೂಡ ಬದಲಿಸಿದೆ. ಅದು ಗಾಳಿಯಲ್ಲಿರುವ ತೇವ ಹೀರುತ್ತದೆ. ಡಾಟ್ 3 ಅನ್ನುವ ದರ್ಜೆಯ ಆಯಿಲ್ ಹೊಸದಾಗಿದ್ದಾಗ ಕುದಿಯಲು ಕನಿಷ್ಠ 205 ಡಿಗ್ರಿ ಬೇಕು, ನೀರು ಸೇರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಕುದಿದರೆ ಬ್ರೇಕ್ ಹಿಡಿಯುವುದಿಲ್ಲ. ಯಾವ ಡಾಟ್ ಅಂತ ಬ್ರೇಕ್ ಆಯಿಲ್ ಟ್ಯಾಂಕಿನ ಮುಚ್ಚಳದ ಮೇಲೇ ಬರೆದಿರುತ್ತದೆ.

ಹೋದ ವಾರ ಅಳೆಸಿದಾಗ ಆ ಎಡಗಡೆ ಒಳಗಿನ ಪ್ಯಾಡ್ ಮೂರೂವರೆ ಮಿಲಿಮೀಟರ್ ಇತ್ತು, ಡಿಸ್ಕ್ ನುಣ್ಣಗಿದೆ. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಮುಂದಿನ ತಿಂಗಳು ಮತ್ತೆ ಇದೇ ಸೆಟ್. ಜೊತೆಗೆ ಹಿಂದಿನ ಡ್ರಮ್ ಕೂಡ ಬಿಚ್ಚಿಸಬೇಕು, ಹ್ಯಾಂಡ್‌ಬ್ರೇಕ್ ಈಗೀಗ ಹತ್ತು ಕ್ಲಿಕ್ ಎಳೆದರೂ ಸಾಲುತ್ತಿಲ್ಲ.