18 ವರ್ಷದ ಆಲ್ಟೋಗೆ 1,650 ರೂಪಾಯಿಯ ಸ್ಟೀರಿಯೋ: ಮೂರೂವರೆ ವರ್ಷ ಬಳಸಿದ ಮೇಲೆ

ನಮ್ಮದು 2007ರ ಆಲ್ಟೋ ಎಲ್‌ಎಕ್ಸ್‌ಐ. 2013ರಲ್ಲಿ ಪುಣೆಯ ಕೋಥ್ರೂಡಿನ ಹಿರಿಯರೊಬ್ಬರಿಂದ ಕೊಂಡದ್ದು. 2022ರಲ್ಲಿ ಗಾಡಿಗೆ ಹದಿನೈದು ತುಂಬಿತು. ಆರ್‌ಟಿಒದಲ್ಲಿ ಫಿಟ್‌ನೆಸ್ ಮಾಡಿಸಿ, ಪರಿಸರ ತೆರಿಗೆ ಕಟ್ಟಿ, ಇನ್ನೈದು ವರ್ಷಕ್ಕೆ ನೋಂದಣಿ ನವೀಕರಿಸಿಕೊಂಡು ಬಂದೆ. 2027ರ ತನಕ ಗಾಡಿ ಮನೆಯಲ್ಲೇ ಇರುತ್ತದೆ ಎಂದು ಖಾತ್ರಿಯಾದ ಮೇಲೆಯೇ ಸ್ಟೀರಿಯೋ ಬದಲಿಸಲು ಕೈಹಾಕಿದ್ದು. ಹಳೆಯದು ಕ್ಯಾಸೆಟ್ ಪ್ಲೇಯರ್. ಹಾಕಿದ ಟೇಪನ್ನೆಲ್ಲ ಅದು ಸುತ್ತಿಕೊಂಡು ಬಿಡುತ್ತಿತ್ತು, ರೇಡಿಯೋ ಮಾತ್ರ ಕೊನೆಯ ದಿನದವರೆಗೂ ಗಟ್ಟಿಯಾಗಿತ್ತು. ಆ ರೇಡಿಯೋದ ಮಾತು ಮುಂದೆ ಬರುತ್ತದೆ.

ನಿಗಡಿಯಿಂದ ಭೋಸರಿಯ ಕಾರ್ಖಾನೆಗೆ ದಿನವೂ ಹೋಗಿಬರುವುದು, ವರ್ಷಕ್ಕೆ ನಾಲ್ಕೈದು ಸಲ ಹುಬ್ಬಳ್ಳಿಗೆ. ಗಾಡಿಯ ಓಡಾಟ ಇಷ್ಟೇ. ಹುಬ್ಬಳ್ಳಿ ನಾಲ್ಕುನೂರು ಕಿಲೋಮೀಟರಿಗೂ ಮೇಲಿನ ದಾರಿ. ಅಷ್ಟು ಹೊತ್ತು ಬರೀ ಎಂಜಿನ್ನಿನ ಸದ್ದು ಕೇಳುತ್ತ ಕೂರಲು ಆಗುವುದಿಲ್ಲ.

ಬುಧವಾರ ಪೇಟೆಯ ತಪಕೀರ್ ಗಲ್ಲಿಯಲ್ಲಿ ಒಂದು ಶನಿವಾರ ಪೂರ್ತಿ ಅಲೆದು ಸಿಂಗಲ್ ಡಿನ್ ಸ್ಟೀರಿಯೋ ತಂದೆ. ಬ್ಲೂಟೂತ್, ಯುಎಸ್‌ಬಿ, ಆಕ್ಸ್, ಎಫ್‌ಎಂ ಇವೆ, ಬೆಲೆ 1,650 ರೂಪಾಯಿ. ಡಬ್ಬದ ಮೇಲಿನ ಹೆಸರು ಹೇಳಿ ಉಪಯೋಗವಿಲ್ಲ. ಒಳಗೆ ಅದೇ ಬೋರ್ಡು ಇಟ್ಟು, ಮುಂದಿನ ಪ್ಲಾಸ್ಟಿಕ್ಕಿನ ಮೇಲೆ ಬೇರೆ ಬೇರೆ ಹೆಸರು ಹಚ್ಚಿ ಮಾರುತ್ತಾರೆ. ಹೆಸರಿಗಿಂತ ನೋಡಬೇಕಾದದ್ದು ಅಳತೆ: ಸಿಂಗಲ್ ಡಿನ್ ಎಂದರೆ ಮುಂಭಾಗ 180 ಮಿಲಿಮೀಟರ್ ಅಗಲ, 50 ಎತ್ತರ. ಹಳೆಯ ಪ್ಲೇಯರ್ ಹೊರಬಂದ ಕಿಂಡಿಯಲ್ಲಿ ಹೊಸದು ಸರಿಯಾಗಿ ಕೂತಿತು, ಡ್ಯಾಶ್‌ಬೋರ್ಡಿಗೆ ಬ್ಲೇಡು ತಾಗಿಸಬೇಕಾಗಲಿಲ್ಲ. ದೊಡ್ಡ ಪರದೆಯ ಆಂಡ್ರಾಯ್ಡ್ ಸೆಟ್ ಹಾಕಿಸು ಎಂದು ಜೊತೆಗಿದ್ದವರು ಒತ್ತಾಯಿಸಿದರು. ಅದಕ್ಕೆ ಡ್ಯಾಶ್‌ಬೋರ್ಡ್ ಕೊಯ್ಯಬೇಕು. ಹಳೇ ಗಾಡಿಯ ಒಣಗಿದ ಪ್ಲಾಸ್ಟಿಕ್ ಒಮ್ಮೆ ಕೊಯ್ದರೆ ಮತ್ತೆ ಕೂಡುವುದಿಲ್ಲ, ಆಮೇಲೆ ಜನ್ಮಪೂರ್ತಿ ಗಡಗಡ ಸದ್ದು. ಬೇಡವೇ ಬೇಡ ಅಂದೆ.

ಡಬ್ಬದ ಮೇಲೆ ದಪ್ಪಕ್ಷರದಲ್ಲಿ ‘50 ವ್ಯಾಟ್ x 4’ ಎಂದಿರುತ್ತದೆ. ಎಲ್ಲರೂ ಮೋಸ ಹೋಗುವ ಜಾಗ ಇದು, ಲೆಕ್ಕ ಬಿಡಿಸಿ ಹೇಳುತ್ತೇನೆ. ಎಂಜಿನ್ ಚಾಲೂ ಇದ್ದಾಗ ಗಾಡಿಯಲ್ಲಿ ಸಿಗುವ ವೋಲ್ಟೇಜು ಸುಮಾರು 14.4. ಸ್ಪೀಕರಿನ ರೋಧ 4 ಓಮ್. 14.4ನ್ನು 14.4ರಿಂದಲೇ ಗುಣಿಸಿ 4ರಿಂದ ಭಾಗಿಸಿ ನೋಡಿ, 51.8 ಬರುತ್ತದೆ. ಡಬ್ಬದ ಐವತ್ತು ಹುಟ್ಟಿದ್ದು ಇಲ್ಲಿ. ಆದರೆ ಸದ್ದು ಪೂರ್ತಿ ಒಡೆದು ಕರಕರ ಅನ್ನುವಾಗ ಸಿಗುವ ವ್ಯಾಟ್ ಅದು. ಶುದ್ಧ ಸ್ವರಕ್ಕೆ ಅದರ ಅರ್ಧ, 26ರ ಮೇಲೆ ಹೋಗಲು ಸಾಧ್ಯವೇ ಇಲ್ಲ. ಸೆಟ್ಟಿನೊಳಗಿನ ಚಿಪ್ ತಿನ್ನುವ ನಷ್ಟ ಕಳೆದರೆ ಕೈಗೆ ಬರುವುದು ಹದಿನೈದೋ ಇಪ್ಪತ್ತೋ. ಪ್ರತ್ಯೇಕ ಆಂಪ್ಲಿಫೈಯರ್ ಇಲ್ಲದ ಮಾಮೂಲಿ ಸ್ಟೀರಿಯೋ ಯಾವ ಬೆಲೆಯದಾದರೂ ಈ ಗಣಿತಕ್ಕೆ ಹೊರತಲ್ಲ. ಆಲ್ಟೋದಷ್ಟು ಚಿಕ್ಕ ಗಾಡಿಗೆ ಹದಿನೈದು ವ್ಯಾಟ್ ಧಾರಾಳ ಸಾಕು, ನನಗೆ ಎಂದೂ ಕಡಿಮೆ ಅನ್ನಿಸಿಲ್ಲ. ಹಾಗಾಗಿ ವ್ಯಾಟಿನ ಹಿಂದೆ ಓಡದೆ, ಉಳಿದ ದುಡ್ಡನ್ನು ಸ್ಪೀಕರಿಗೂ ವೈರಿಂಗಿಗೂ ಹಾಕಿ. ಈ ಬುದ್ಧಿ ನನಗೆ ಬಂದದ್ದು ಸ್ವಲ್ಪ ತಡವಾಗಿ.

ಕೂರಿಸಲು ನಗರದ ಒಂದು ಆಕ್ಸೆಸರೀಸ್ ಅಂಗಡಿಗೆ ಕೊಟ್ಟೆ. ಕೂಲಿ 400, ಮುಕ್ಕಾಲು ಗಂಟೆಯ ಕೆಲಸ. ಹುಡುಗ ಹಳೇ ಸಾಕೆಟ್ಟನ್ನು ಕಟ್ಟಿಂಗ್ ಪ್ಲೈಯರಿನಿಂದ ಕತ್ತರಿಸಿ ಒಗೆದ. ಹಲ್ಲಿನಿಂದ ವೈರಿನ ತೊಗಟೆ ಸುಲಿದು, ತಿರುವಿ, ಕರೀ ಟೇಪು ಸುತ್ತಿದ. ‘ಹೀಗೆ ನಡೆಯುತ್ತದೆಯೇ’ ಎಂದು ಕೇಳಿದ್ದಕ್ಕೆ ‘ಕಾಹೀ ನಾಹೀ ಹೋತ್’, ಏನೂ ಆಗುವುದಿಲ್ಲ, ಅಂದ. ಹಾಡು ಬಂತು, ದುಡ್ಡು ಕೊಟ್ಟು ಮನೆಗೆ ಬಂದೆ.

ಎರಡು ವಾರದ ಮೇಲೆ ಗಾಡಿಯನ್ನು ಸೊಸೈಟಿಯಲ್ಲೇ ಬಿಟ್ಟು ಐದು ದಿನ ರೈಲಿನಲ್ಲಿ ಊರಿಗೆ ಹೋಗಿದ್ದೆ. ತಿರುಗಿ ಬಂದು ಕೀ ತಿರುಗಿಸಿದರೆ ಟಕ್ ಟಕ್ ಅಂದದ್ದು ಬಿಟ್ಟರೆ ಮತ್ತೇನಿಲ್ಲ. ಬ್ಯಾಟರಿ ಹಾಕಿಸಿ ಒಂದು ವರ್ಷವೂ ಆಗಿರಲಿಲ್ಲ. ಚಾರ್ಜ್ ಮಾಡಿಸಿದೆ, ಮುಂದಿನ ವಾರ ಮತ್ತೆ ಅದೇ ಹಾಡು. ಅಂಗಡಿಯವರು ಬ್ಯಾಟರಿಯದೇ ದೋಷ ಅಂದರು. ಕೊನೆಗೆ ಭೋಸರಿಯಲ್ಲಿ ಕೆಲಸ ಮಾಡುವ ವಿಜಾಪುರ ಕಡೆಯ ಆಟೋ ಎಲೆಕ್ಟ್ರಿಷಿಯನ್ ಒಬ್ಬರ ಹತ್ತಿರ ಹೋದೆ. ಅವರು ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಟರ್ಮಿನಲ್ಲಿಗೂ ಕೇಬಲ್ಲಿಗೂ ನಡುವೆ ಮಲ್ಟಿಮೀಟರನ್ನು ಹತ್ತು ಆಂಪಿಯರಿನ ಸ್ಥಾನಕ್ಕಿಟ್ಟು ಜೋಡಿಸಿದರು. ಕೀ ನನ್ನ ಕಿಸೆಯಲ್ಲಿ, ಬಾಗಿಲು ಮುಚ್ಚಿದೆ, ಮೀಟರಿನಲ್ಲಿ 0.28. ಸ್ಟೀರಿಯೋ ಹೊರಗೆಳೆದು ಟೇಪು ಬಿಚ್ಚಿ ನನಗೆ ತೋರಿಸಿದರು.

‘ನೋಡ್ರಿ ಸರ, ಹಳದೀನೂ ಕೆಂಪೂ ಕೂಡೇ ತಿರುವ್ಯಾರ. ಬ್ಯಾಟರಿ ಹ್ಯಾಂಗ ಉಳೀತೈತ್ರಿ?’

ಇಲ್ಲಿ ನಿಧಾನವಾಗಿ ಓದಿ. ಸ್ಟೀರಿಯೋದ ಹಿಂದೆ ಹಳದಿ ವೈರು ಬ್ಯಾಟರಿಗೆ ಯಾವಾಗಲೂ ಜೋಡಿಯಾಗಿರಬೇಕು. ಗಡಿಯಾರ, ಸ್ಟೇಷನ್ನುಗಳ ನೆನಪು ಉಳಿಯುವುದು ಅದರಿಂದ. ಕೆಂಪು ವೈರು ಕೀ ತಿರುಗಿಸಿದಾಗ ಮಾತ್ರ ಜೀವ ಬರುವ ಆಕ್ಸೆಸರಿ ಲೈನಿಗೆ ಹೋಗಬೇಕು. ಕಪ್ಪು ಅರ್ಥಿಂಗು. ಆಕ್ಸೆಸರಿ ಲೈನ್ ಹುಡುಕುವ ತಾಪತ್ರಯ ಬೇಡವೆಂದು ಹಳದಿ-ಕೆಂಪು ಒಟ್ಟಿಗೆ ಸೇರಿಸಿದರೆ, ಬಟನ್ ಒತ್ತಿ ಬಂದ್ ಮಾಡಿದರೂ ಒಳಗಿನ ಬೋರ್ಡು ಎಚ್ಚರವಾಗಿಯೇ ಇರುತ್ತದೆ. 0.28 ಆಂಪಿಯರ್ ಅಂದರೆ ದಿನಕ್ಕೆ 6.7 ಆಂಪಿಯರ್ ಅವರ್. ನನ್ನ ಬ್ಯಾಟರಿ 35ರದು. ಐದು ದಿನಕ್ಕೆ 33 ಹೋಯಿತು, ಇನ್ನೇನು ಉಳಿಯಬೇಕು? ಬ್ಯಾಟರಿಯದು ಕಿಂಚಿತ್ತೂ ತಪ್ಪಿರಲಿಲ್ಲ.

ಅವರು ಮಾಡಿದ ಕೆಲಸವನ್ನು ಪಕ್ಕದಲ್ಲೇ ಕೂತು ನೋಡಿದೆ. ಟೆಸ್ಟ್ ಲ್ಯಾಂಪ್ ಹಿಡಿದು ಸಿಗರೇಟ್ ಲೈಟರಿನ ಹಿಂದೆ ಕೀ ಜೊತೆ ಹೊತ್ತಿ ಆರುವ ವೈರು ಹುಡುಕಿ ಕೆಂಪನ್ನು ಅಲ್ಲಿಗೆ ಕೊಟ್ಟರು. ಹಳದಿಯ ದಾರಿಯಲ್ಲಿ ಹತ್ತು ಆಂಪಿಯರಿನ ಫ್ಯೂಸ್ ಇಟ್ಟರು, ಮೊದಲು ಅಲ್ಲಿ ಫ್ಯೂಸೇ ಇರಲಿಲ್ಲ. ಕತ್ತರಿಸಿ ಒಗೆದ ಸಾಕೆಟ್ಟಿನ ಬದಲು 120 ರೂಪಾಯಿಯ ಐಎಸ್‌ಒ ಕನೆಕ್ಟರ್ ಹಾಕಿದರು. ಪ್ರತಿ ಜೋಡಣೆಗೂ ಸೋಲ್ಡರು, ಅದರ ಮೇಲೆ ಸ್ಲೀವ್. ಸ್ಲೀವಿಗೆ ಲೈಟರಿನ ಉರಿ ತೋರಿಸಿದಾಗ ಅದು ಮೆಲ್ಲಗೆ ಮುದುಡಿ ವೈರನ್ನು ತಬ್ಬಿಕೊಂಡಿತು. ಒಟ್ಟು 900 ರೂಪಾಯಿ. ಮತ್ತೆ ಮೀಟರ್ ಹಿಡಿದಾಗ 18 ಮಿಲಿ ಆಂಪಿಯರ್, ಅಂದರೆ 0.018. ಆ ದಿನದಿಂದ ಇವತ್ತಿನವರೆಗೆ ಬ್ಯಾಟರಿ ಒಮ್ಮೆಯೂ ಕೈಕೊಟ್ಟಿಲ್ಲ, ಎಂಟು ದಿನ ನಿಲ್ಲಿಸಿದರೂ ಮೊದಲ ಸಲಕ್ಕೇ ಚಾಲೂ ಆಗುತ್ತದೆ.

ಅದೇ ಕೂತ ಕೆಲಸದಲ್ಲಿ ಇನ್ನೊಂದು ಕಾಟವೂ ಹೋಯಿತು. ಆಕ್ಸಿಲರೇಟರ್ ಒತ್ತಿದ ಹಾಗೆ ಸ್ಪೀಕರಿನಲ್ಲಿ ಸುಂಯ್ ಎಂಬ ಸದ್ದು ಏರುತ್ತಿತ್ತು, ಬಿಟ್ಟರೆ ಇಳಿಯುತ್ತಿತ್ತು. ಆಲ್ಟರ್ನೇಟರಿನ ಸದ್ದದು, ಅರ್ಥಿಂಗ್ ಸರಿ ಇಲ್ಲದಾಗ ಹಾಡಿನೊಳಗೆ ನುಗ್ಗುತ್ತದೆ. ಕಪ್ಪು ವೈರನ್ನು ಯಾವುದೋ ತೆಳು ವೈರಿಗೆ ಕಟ್ಟಿದ್ದನ್ನು ಬಿಡಿಸಿ, ಡ್ಯಾಶ್‌ಬೋರ್ಡಿನ ಕೆಳಗೆ ಬಾಡಿಯ ಬಣ್ಣ ಕೆರೆದು, ರಿಂಗ್ ಟರ್ಮಿನಲ್ ಹಾಕಿ ಬೋಲ್ಟಿನಿಂದ ಬಿಗಿದರು. ಸದ್ದು ಮಾಯ. ನಿಮ್ಮ ಗಾಡಿಯಲ್ಲೂ ಹೀಗಾಗುತ್ತಿದ್ದರೆ ಫಿಲ್ಟರು ಕೊಳ್ಳುವ ಮೊದಲು ಅರ್ಥಿಂಗ್ ನೋಡಿಸಿ.

ಸ್ಪೀಕರಿನ ವಿಷಯ ಮಳೆಗಾಲದ ಜೊತೆ ಸೇರಿಕೊಂಡಿದೆ. ಮುಂಬಾಗಿಲಿನಲ್ಲಿ ಮೊದಲಿನ ಮಾಲೀಕರು ಹಾಕಿಸಿದ 4 ಇಂಚಿನ ಕಾಗದದ ಕೋನಿನ ಸ್ಪೀಕರುಗಳಿದ್ದವು. ಕಿಟಕಿ ಗಾಜಿನ ಮೇಲೆ ಸುರಿದ ಮಳೆನೀರು ಬಾಗಿಲಿನ ಒಳಕ್ಕೆ ಇಳಿಯುವುದು ಸಹಜ, ಕೆಳಗಿನ ತೂತುಗಳಿಂದ ಅದು ಹೊರಗೆ ಹೋಗುತ್ತದೆ. ನಮ್ಮ ಗಾಡಿಯ ತೂತುಗಳು ಕೆಸರಿನಿಂದ ಮುಚ್ಚಿಹೋಗಿದ್ದವು, ಒಳಗಿನ ಪ್ಲಾಸ್ಟಿಕ್ ಹಾಳೆ ಹರಿದಿತ್ತು. ಕಾಗದ ನೆನೆದು ಅಂಚಿನಲ್ಲಿ ಅಣಬೆಯಂತೆ ಉಬ್ಬಿತ್ತು. 1,150 ರೂಪಾಯಿಗೆ ಪಾಲಿಪ್ರೊಪಿಲೀನ್ ಕೋನಿನ ಜೋಡಿ ತಂದು ಹಾಕಿಸಿದೆ, ತಂತಿ ಚುಚ್ಚಿ ತೂತು ಬಿಡಿಸಿದೆ, ಹೊಸ ಹಾಳೆ ಅಂಟಿಸಿದೆ. ಅದಾದ ಮೇಲೆ ಪುಣೆಯ ಮೂರು ಮಳೆಗಾಲ ಕಳೆದಿವೆ, ಸ್ಪೀಕರು ಹೊಸದರಂತೆಯೇ ಇವೆ. ಈ ಒಂದು ಬದಲಾವಣೆಯಿಂದ ಆದ ಸುಧಾರಣೆ ಸ್ಟೀರಿಯೋ ಬದಲಿಸಿದ್ದಕ್ಕಿಂತ ದೊಡ್ಡದು. ತಬಲಾದ ಬಾಯಾ ಮೊದಲ ಸಲ ಗುಂಯ್ ಅಂದದ್ದು ಆಗಲೇ. ಹಿಂದಿನ ಪಾರ್ಸೆಲ್ ಟ್ರೇ ಮೇಲಿನ ಓವಲ್ ಸ್ಪೀಕರುಗಳನ್ನು ಹಾಗೆಯೇ ಬಿಟ್ಟು, ಹಿಂದಿನ-ಮುಂದಿನ ಸ್ಪೀಕರಿಗೆ ಸದ್ದು ಹಂಚುವ ಫೇಡರನ್ನು ಮುಂದಕ್ಕೆ ಸರಿಸಿಟ್ಟಿದ್ದೇನೆ.

ಇನ್ನು ಸೆಟ್ಟಿನ ಬಾಳಿಕೆ. ಬ್ಲೂಟೂತ್ ಮೂರೂವರೆ ವರ್ಷದಿಂದ ತಕರಾರಿಲ್ಲದೆ ನಡೆದಿದೆ, ಕೀ ತಿರುಗಿಸಿದ ಹತ್ತು ಸೆಕೆಂಡಿನಲ್ಲಿ ಫೋನು ತಾನಾಗಿ ಜೋಡಿಯಾಗುತ್ತದೆ. ಫೋನಿನಲ್ಲಿ ಮಾತಾಡಲು ಮಾತ್ರ ನಂಬಬೇಡಿ, ಮೈಕು ಸೆಟ್ಟಿನ ಮುಖದಲ್ಲೇ ಇರುವುದರಿಂದ ಆ ಕಡೆಯವರಿಗೆ ಬರೀ ಗಾಳಿ ಸದ್ದು. ಯುಎಸ್‌ಬಿ ಕಿಂಡಿ ಎರಡನೇ ವರ್ಷವೇ ಸಡಿಲಾಯಿತು. ವಾಲ್ಯೂಮಿನ ಗುಂಡಿ ಈಗೀಗ ಏರಿಸಿದರೆ ಇಳಿಯುತ್ತದೆ, ಕಾಂಟ್ಯಾಕ್ಟ್ ಕ್ಲೀನರ್ ಒಂದು ಹನಿ ಬಿಟ್ಟು ನಾಲ್ಕಾರು ಸಲ ತಿರುಗಿಸಿದರೆ ಮೂರು ತಿಂಗಳು ಸರಿ ಇರುತ್ತದೆ. ರಾತ್ರಿ ಅದರ ನೀಲಿ ಬೆಳಕು ಕಣ್ಣಿಗೆ ಹೊಡೆಯುತ್ತದೆ. ಪರದೆಯ ಮೇಲೆ ಕಪ್ಪು ಫಿಲ್ಮಿನ ತುಂಡು ಅಂಟಿಸಿದ್ದೇನೆ.

ರೇಡಿಯೋ ವಿಷಯದಲ್ಲಿ ಒಂದು ಸಣ್ಣ ಗುಟ್ಟು. ತಂದ ಹೊಸದರಲ್ಲಿ ಪುಣೆ ಆಕಾಶವಾಣಿಯ 101 ಎಫ್‌ಎಂ ಏನು ಮಾಡಿದರೂ ಸಿಗಲಿಲ್ಲ, ಗುಂಡಿ 100.9ರಿಂದ ನೇರ 101.1ಕ್ಕೆ ಜಿಗಿಯುತ್ತಿತ್ತು. ಆಂಟೆನಾ ಕೆಟ್ಟಿದೆ ಎಂದುಕೊಂಡು ಹೊಸದು ಕೊಳ್ಳಲು ಹೊರಟಿದ್ದೆ. ಮೆನುವಿನಲ್ಲಿ ಪ್ರದೇಶ ಅಮೆರಿಕ ಎಂದಿತ್ತು. ಅಲ್ಲಿನ ಸ್ಟೇಷನ್ನುಗಳು 0.2ರ ಹೆಜ್ಜೆಯಲ್ಲಿ ಬೆಸ ಅಂಕೆಗಳಲ್ಲೇ ಇರುತ್ತವೆ. ಯುರೋಪ್ ಎಂದು ಬದಲಿಸಿದ ಕೂಡಲೇ 101 ಸ್ವಚ್ಛವಾಗಿ ಬಂತು.

ಈ ಸೆಟ್ಟಿನ ನಿಜವಾದ ಕೊರತೆ ನನಗೆ ತಿಳಿದದ್ದು ಅಪ್ಪ ಗಾಡಿ ಹತ್ತಿದ ದಿನ. ನಿಪ್ಪಾಣಿ ದಾಟಿ ತವಂದಿ ಘಾಟಿನಲ್ಲಿ ಹೋಗುತ್ತಿದ್ದೆವು. ಅವರು ಗುಂಡಿಯ ಮೇಲೆ ಕೈಯಿಟ್ಟು, ‘ಧಾರವಾಡ ಎಲ್ಲೈತೋ ಇದರಾಗ?’ ಎಂದು ಕೇಳಿದರು. ಹಳೇ ಪ್ಲೇಯರಿನಲ್ಲಿ ಮೀಡಿಯಂ ವೇವ್ ಇತ್ತು. ಕರಾಡ ಬಿಟ್ಟ ಮೇಲೆ 765 ಕಿಲೋಹರ್ಟ್ಸಿನಲ್ಲಿ ಧಾರವಾಡ ಆಕಾಶವಾಣಿ ಮೆಲ್ಲಗೆ ಕಿವಿಗೆ ಬೀಳುತ್ತಿತ್ತು, ಕೊಲ್ಲಾಪುರ ದಾಟಿದರೆ ಗಟ್ಟಿಯಾಗುತ್ತಿತ್ತು. ಪುಣೆಯಲ್ಲಿರುವ ನಮ್ಮ ಮನೆಯವರಿಗೆ ಊರು ಶುರುವಾಗುತ್ತಿದ್ದದ್ದು ರಾಜ್ಯದ ಗಡಿಯ ಕಮಾನಿನಲ್ಲಲ್ಲ, ಆ ದನಿಯಲ್ಲಿ. ಹೊಸ ಸೆಟ್ಟಿನಲ್ಲಿ ಎಫ್‌ಎಂ ಬಿಟ್ಟರೆ ಏನೂ ಇಲ್ಲ. ಈ ಬೆಲೆಯಲ್ಲಿ ನಾನು ನೋಡಿದ ಒಂದರಲ್ಲೂ ಮೀಡಿಯಂ ವೇವ್ ಇರಲಿಲ್ಲ. ಕೊಳ್ಳುವಾಗ ನನಗೆ ಕೇಳಬೇಕೆಂದೇ ಹೊಳೆಯಲಿಲ್ಲ, ನೀವು ಮರೆಯದೆ ಕೇಳಿ.

ಆಕಾಶವಾಣಿಯ ಆ್ಯಪಿನಿಂದ ಧಾರವಾಡ ಹಚ್ಚಿ ಬ್ಲೂಟೂತಿನಲ್ಲಿ ಕೇಳಿಸಿದೆ. ದನಿ ಸ್ವಚ್ಛ, ಆದರೆ ಘಾಟಿನಲ್ಲಿ ನೆಟ್‌ವರ್ಕ್ ಹೋದ ಕೂಡಲೇ ವಚನದ ಅರ್ಧಕ್ಕೇ ನಿಂತುಬಿಡುತ್ತದೆ. ಬುಧವಾರ ಮತ್ತು ಭಾನುವಾರ ಸೇರುವ ಜುನಾ ಬಜಾರಿನಲ್ಲಿ ಮೀಡಿಯಂ ವೇವ್ ಇರುವ ಹಳೇ ಸೆಟ್ಟಿಗಾಗಿ ಮೂರು ಸಲ ಹುಡುಕಿದೆ. ಸಿಕ್ಕ ಎರಡೂ ಸತ್ತಿದ್ದವು.

ಕಳೆದ ದೀಪಾವಳಿಗೆ ಊರಿಗೆ ಹೊರಟಾಗ ಅಪ್ಪ ತಮ್ಮ ಕೈಯಗಲದ ಟ್ರಾನ್ಸಿಸ್ಟರನ್ನು ಚೀಲದಿಂದ ತೆಗೆದು ಡ್ಯಾಶ್‌ಬೋರ್ಡಿನ ಮೇಲಿಟ್ಟರು. ಬರೀ ಎಂಜಿನ್ನಿನ ಚರಚರ ಕೇಳಿಸಿತು. ಲೋಹದ ಬಾಡಿಯೊಳಗೆ ಆ ಅಲೆ ಸರಿಯಾಗಿ ನುಗ್ಗುವುದಿಲ್ಲ. ತೊಡೆಯ ಮೇಲೆ ಇಟ್ಟುಕೊಂಡರು, ಅಡ್ಡ ಹಿಡಿದರು, ಕೊನೆಗೆ ಎಡಗಿಟಕಿಯ ಗಾಜಿಗೆ ಒತ್ತಿ ಹಿಡಿದಾಗ ಸ್ವಲ್ಪ ದಾರಿ ಸಿಕ್ಕಿತು. ನಾನು ಸ್ಟೀರಿಯೋ ಬಂದ್ ಮಾಡಿದೆ. ಸಂಕೇಶ್ವರದ ಹತ್ತಿರ ಕೃಷಿ ಮಾತುಕತೆ ಅಕ್ಷರ ಅಕ್ಷರ ಕೇಳಿಸತೊಡಗಿತು, ಕಡಲೆ ಬಿತ್ತನೆಯ ವಿಷಯ. ಬೆಳಗಾವಿ ಬರುವವರೆಗೂ ಅವರು ಕೈ ಇಳಿಸಲಿಲ್ಲ.